ರಾಡ್ ಹಾಕಿದ ಕಾಲಲ್ಲಿ ಕೀವು: ಬೆಂಗಳೂರಿನ ಒಂದು ಮೂಳೆ ಸೋಂಕು ವಿಭಾಗದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಮೊದಲು ಹೋದ ಒಂದು ನರ್ಸಿಂಗ್ ಹೋಮ್ ಬಿಟ್ಟರೆ ಇದರಲ್ಲಿ ಎರಡು ಆಸ್ಪತ್ರೆ ಬರುತ್ತವೆ. ಒಂದನ್ನು ಬೈಯುತ್ತೇನೆ, ಇನ್ನೊಂದನ್ನು ಹೊಗಳುತ್ತೇನೆ. ಬೈದವರ ಹೆಸರು ಮುಚ್ಚಿಟ್ಟು ಹೊಗಳಿದವರ ಹೆಸರು ಮಾತ್ರ ಬರೆದರೆ ಜಾಹೀರಾತಿನ ಥರ ಕಾಣುತ್ತದೆ, ಅಲ್ವಾ? ಅದೂ ಅಲ್ಲದೆ ಈ ಕೆಲಸ ಚೆನ್ನಾಗಿ ಮಾಡುವ ಆಸ್ಪತ್ರೆ ಒಂದೇ ಇಲ್ಲ. ನಿಮ್ಮೂರಿನ ಹತ್ತಿರದ ಆಸ್ಪತ್ರೆಯಲ್ಲಿ ಏನು ನೋಡಬೇಕು, ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ನಾನು ತಿಪಟೂರಿನವಳು. ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಇನ್ಶೂರೆನ್ಸಿಗೆ, ಅಪಘಾತದ ಕೇಸಿಗೆ ಅಂತ ಜನ ಆಸ್ಪತ್ರೆ ಫೈಲು ಹಿಡಿದು ಬರುತ್ತಲೇ ಇರುತ್ತಾರೆ. ಪುಟ ತಿರುವುವಾಗ ಕಣ್ಣು ಸುಮ್ನೆ ಇರುವುದಿಲ್ಲ. ಯಾವ ಫೈಲಿನಲ್ಲಿ ಯಾವ ಕಾಗದ ಇಲ್ಲ ಅನ್ನುವುದು ಅಭ್ಯಾಸದಿಂದ ಗೊತ್ತಾಗುತ್ತದೆ. ಇದೂ ಕಾಗದ ನೋಡುವವಳ ರಿವ್ಯೂ. ಡಾಕ್ಟರ್ ಅಲ್ಲ ನಾನು.

ಕಾಲು ನನ್ನ ತಮ್ಮನದು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮಳೆಗಾಲದ ಒಂದು ಸಂಜೆ ಬೈಕು ಜಾರಿ ತೋಟದ ಪಕ್ಕದ ಚರಂಡಿಗೆ ಬಿದ್ದ. ಬಲಗಾಲಿನಲ್ಲಿ ಮೊಣಕಾಲಿಗೂ ಪಾದಕ್ಕೂ ನಡುವಿನ ಮೂಳೆ ಮುರಿದು, ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಗಾಯದ ತುಂಬ ಸಗಣಿ ಕೆಸರು.

ಹತ್ತಿರದಲ್ಲಿದ್ದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಅವರಿಗೆ ನನ್ನ ಪೂರ್ತಿ ಐದು ನಕ್ಷತ್ರ. ದೊಡ್ಡದೇನೂ ಮಾಡಲಿಲ್ಲ. ಟಿಟಿ ಇಂಜೆಕ್ಷನ್ ಕೊಟ್ಟರು. ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿದರು. ಕಾಣುವ ಕಸ ತೆಗೆದು, ಗಾಯದ ಫೋಟೋ ಹೊಡೆದು, ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಮುಚ್ಚಿ, ಕಾಲು ಅಲುಗದ ಹಾಗೆ ಸ್ಪ್ಲಿಂಟ್ ಕಟ್ಟಿದರು. 'ಇನ್ನು ಓಟಿ ತನಕ ಇದನ್ನ ಯಾರೂ ಬಿಚ್ಚಬಾರ್ದು, ಕೇಳಿದೋರಿಗೆ ಫೋಟೋ ತೋರ್ಸಿ' ಅಂದರು. ಅದೆಲ್ಲ ಆಗಿದ್ದು ಬಿದ್ದ ಒಂದು ಗಂಟೆಯೊಳಗೆ. ಮೂಳೆ ಹೊರಗೆ ಬಂದ ಗಾಯಕ್ಕೆ ಆ ಮೊದಲ ಗಂಟೆಯ ಆಂಟಿಬಯಾಟಿಕ್ ಎಷ್ಟು ಮುಖ್ಯ ಅಂತ ಆಮೇಲೆ ಎಲ್ಲ ಡಾಕ್ಟರೂ ಹೇಳಿದರು. ಬ್ರಿಟನ್ನಿನ ಮೂಳೆ ವೈದ್ಯರ ನಿಯಮದಲ್ಲೂ ಅದೇ ಇದೆ: ಒಂದು ಗಂಟೆಯೊಳಗೆ ಆಂಟಿಬಯಾಟಿಕ್, ಗಾಯದ ಫೋಟೋ, ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ. ತೋಟದ ಮಣ್ಣು, ಸಗಣಿ, ಚರಂಡಿ ನೀರು ಸೇರಿದ್ದರೆ ಓಟಿಗೆ ತಡವಿಲ್ಲದೆ ಒಯ್ಯಬೇಕು. ಅಂಥ ಕೊಳೆ ಸೇರದ, ಆದರೆ ಜೋರು ಪೆಟ್ಟಿನ ಗಾಯಕ್ಕೆ 12 ಗಂಟೆಯೊಳಗೆ, ಉಳಿದದ್ದಕ್ಕೆ 24 ಗಂಟೆಯೊಳಗೆ.

ಒಬ್ಬ ದೊಡ್ಡಪ್ಪ ಆಂಬುಲೆನ್ಸ್ ಹತ್ತಿರವೇ ನಿಂತು 'ಪುತ್ತೂರಿಗೆ ಕರ್ಕೊಂಡು ಹೋಗ್ರವ್ವ, ಕಟ್ಟು ಹಾಕ್ತಾರೆ' ಅಂದರು. ಪುತ್ತೂರು ಕಟ್ಟಿನ ಮೇಲೆ ನಮ್ಮ ಕಡೆ ತುಂಬ ನಂಬಿಕೆ. ವಾದಕ್ಕೆ ನಿಲ್ಲಲಿಲ್ಲ. ಬಾಯಿ ಬಿಟ್ಟ ಗಾಯದ ಮೇಲೆ ಕಟ್ಟು ಬಿಗಿದರೆ ಒಳಗಿನ ಕೊಳೆ ಎಲ್ಲಿಗೆ ಹೋಗುತ್ತದೆ?

ಈಗ ಬೈಯುವ ಭಾಗ. ನಾವು ಹೋದ ಖಾಸಗಿ ಆಸ್ಪತ್ರೆ ದೊಡ್ಡದು, ಹೊಳೆಯುವ ನೆಲ, ಲಿಫ್ಟಿನಲ್ಲಿ ಸಂಗೀತ. ಅದೇ ರಾತ್ರಿ ಗಾಯ ತೊಳೆದು, ಮುರಿದ ಮೂಳೆ ಹಿಡಿದು ನಿಲ್ಲಿಸಲು ಅದರೊಳಗೆ ರಾಡ್ ಹಾಕಿದರು. ಬೇಗ ಮಾಡಿದರು, ಅದನ್ನು ಒಪ್ಪುತ್ತೇನೆ. ಆದರೆ ಗಾಯವನ್ನು ಬಿಗಿದು ಹೊಲಿದರು. ನಿಮ್ಮ ಕಾಲಿನ ಮುಂಭಾಗ ಮುಟ್ಟಿ ನೋಡಿಕೊಳ್ಳಿ. ಚರ್ಮದ ಕೆಳಗೆ ನೇರವಾಗಿ ಮೂಳೆ. ಮಾಂಸವೆಲ್ಲ ಹಿಂದೆ, ಮೀನಖಂಡದಲ್ಲಿ. ಮುಂದೆ ಚರ್ಮ ಹೋದರೆ ಎಳೆದು ಮುಚ್ಚಲು ಏನೂ ಇರುವುದಿಲ್ಲ. ಎಳೆದು ಹೊಲಿದ ಅಂಚು ಕೆಲವೇ ದಿನದಲ್ಲಿ ಕಪ್ಪಾಯಿತು. ಇಂಥ ಗಾಯಕ್ಕೆ ಚರ್ಮ, ಮಾಂಸ ತಂದು ಮುಚ್ಚುವ ಪ್ಲಾಸ್ಟಿಕ್ ಸರ್ಜನ್ ಅನ್ನುವವರು ಆ ವಾರ್ಡಿನ ಕಡೆ ತಲೆ ಹಾಕಲೇ ಇಲ್ಲ.

ಕೇಸ್ ಶೀಟಿನಲ್ಲಿ '3ಎ' ಅಂತ ಬರೆದಿದ್ದರು. 1976ರಲ್ಲಿ ಗಸ್ಟಿಲೊ ಮತ್ತು ಆ್ಯಂಡರ್ಸನ್ ಅನ್ನುವ ಇಬ್ಬರು ಡಾಕ್ಟರು ಅಮೆರಿಕದಲ್ಲಿ ಇಂಥ ಗಾಯಗಳಿಗೆ ಮಾಡಿದ ವಿಂಗಡಣೆ ಅದು. 1984ರಲ್ಲಿ ಮೂರನೆಯ ದರ್ಜೆಯನ್ನು ಎ, ಬಿ, ಸಿ ಅಂತ ಒಡೆದರು. ಎ ಅಂದರೆ ಇರುವ ಚರ್ಮ, ಮಾಂಸದಲ್ಲೇ ಮೂಳೆ ಮುಚ್ಚಬಹುದು. ಬಿ ಅಂದರೆ ಬೇರೆ ಕಡೆಯಿಂದ ಮಾಂಸ ತಂದು ಮುಚ್ಚಬೇಕು. ಸಿ ಅಂದರೆ ರಕ್ತನಾಳವೂ ಹರಿದಿದೆ, ಅದನ್ನು ಜೋಡಿಸಲೇಬೇಕು. ಆಮೇಲೆ ನಾವು ಹೋದ ಬೆಂಗಳೂರಿನ ಆಸ್ಪತ್ರೆಯವರು ನರ್ಸಿಂಗ್ ಹೋಮಿನ ಆ ಮೊದಲ ಫೋಟೋವನ್ನು ದೊಡ್ಡದು ಮಾಡಿ ನೋಡಿ 'ಇದು 3ಬಿ ಅಲ್ವೇನ್ರೀ' ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಂದು ಅಕ್ಷರದ ವ್ಯತ್ಯಾಸ, ಒಂದು ಆಪರೇಷನ್ನಿನ ವ್ಯತ್ಯಾಸ.

ಡಿಸ್ಚಾರ್ಜ್ ಆದ ಮೇಲೆ ಗಾಯದ ಒಂದು ಮೂಲೆಯಲ್ಲಿ ಒಸರು ಶುರುವಾಯಿತು. ಬ್ಯಾಂಡೇಜಿನ ಮೇಲೆ ಹಳದಿ ಕಲೆ. ತೋರಿಸಿದರೆ 'ಸ್ವಲ್ಪ ಒಸರೋದು ಮಾಮೂಲು' ಅಂದರು. ಒಂದು ಕೋರ್ಸ್ ಮಾತ್ರೆ ಬರೆದರು. ಮಾತ್ರೆ ಇರುವಷ್ಟು ದಿನ ಒಣಗುತ್ತಿತ್ತು, ಮುಗಿದರೆ ಮತ್ತೆ ಒದ್ದೆ. ಇನ್ನೊಂದು ಮಾತ್ರೆ. ಮತ್ತೆ ಅದೇ ಕಥೆ. ಒಂದು ಸಲ ಗಾಯದ ಮೇಲೆ ಹತ್ತಿ ಕಡ್ಡಿ ಸವರಿ ಲ್ಯಾಬಿಗೆ ಕಳಿಸಿದರು. ಸ್ಯೂಡೊಮೋನಾಸ್ ಅನ್ನುವ ಕ್ರಿಮಿ ಅಂತ ರಿಪೋರ್ಟ್ ಬಂತು. ಮಾತ್ರೆಯೆಲ್ಲ ಅದಕ್ಕೇ ಹೊಂದಿಸಿ ಬರೆದರು. ಕಾಲು ಮಾತ್ರ ಕೆಂಪಗೆ, ಬಿಸಿಯಾಗಿಯೇ ಇತ್ತು. ಕೊನೆಗೆ ಹೊಲಿಗೆಯ ಜಾಗದಲ್ಲಿ ಒಂದು ಸಣ್ಣ ತೂತು ಬಿತ್ತು. ಅದರಿಂದ ಕೀವು.

ನನಗೆ ಸಿಟ್ಟು ಬಂದದ್ದು ಸೋಂಕು ಆಯಿತು ಅಂತಲ್ಲ. ಸಗಣಿ ಕೆಸರಿನಲ್ಲಿ ಮೂಳೆ ಬಿದ್ದರೆ ಎಷ್ಟು ಚೆನ್ನಾಗಿ ತೊಳೆದರೂ ಸೋಂಕು ಆಗಬಹುದು. ಸಿಟ್ಟು ಬಂದದ್ದು 'ಮಾಮೂಲು' ಅನ್ನುವ ಮಾತಿಗೆ.

ಇನ್ನು ಈ ರಿವ್ಯೂ ಯಾರ ಬಗ್ಗೆಯೋ ಅವರ ವಿಷಯ. ಬೆಂಗಳೂರಿನ ಒಂದು ಟ್ರಸ್ಟ್ ಆಸ್ಪತ್ರೆ. ಕಟ್ಟಡ ಹಳೆಯದು. ಲಿಫ್ಟಿನಲ್ಲಿ ಸಂಗೀತ ಇರಲಿ, ಕೆಲವು ದಿನ ಲಿಫ್ಟೇ ಇರುವುದಿಲ್ಲ. ಅಲ್ಲಿ ಮೂಳೆ ಸೋಂಕಿಗೆ ಅಂತಲೇ ವಾರಕ್ಕೊಂದು ದಿನ ಪ್ರತ್ಯೇಕ ಓಪಿಡಿ. ಆ ದಿನ ಒಂದೇ ಕೋಣೆಯಲ್ಲಿ ಮೂಳೆ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್, ಕ್ರಿಮಿ ಪತ್ತೆ ಮಾಡುವ ಮೈಕ್ರೋಬಯಾಲಜಿಯ ಮೇಡಂ, ಔಷಧಿ ನೋಡುವ ಫಾರ್ಮಸಿಸ್ಟ್ ನಾಲ್ಕೂ ಜನ ಕೂರುತ್ತಾರೆ. ರೋಗಿ ಒಬ್ಬರಿಂದ ಇನ್ನೊಬ್ಬರ ಹತ್ತಿರ ಚೀಟಿ ಹಿಡಿದು ಓಡುವ ಕೆಲಸವಿಲ್ಲ. ಕುಂಟುವವನಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಕುಂಟುವವನನ್ನೇ ಕೇಳಿ.

ಹೋದ ದಿನ ಅವರು ಮಾಡಿದ ಮೊದಲ ಕೆಲಸಕ್ಕೆ ನಮ್ಮಮ್ಮ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ಇದ್ದ ಮಾತ್ರೆಯನ್ನೆಲ್ಲ ನಿಲ್ಲಿಸಿದರು!

'ಕೀವು ಬರ್ತಾ ಇದೆ, ಮಾತ್ರೆ ನಿಲ್ಸಿ ಅಂತೀರಲ್ಲ ಸಾರ್?' ಅಂತ ಅಮ್ಮ ಕೇಳಿದರು.

ಮೂಳೆ ಡಾಕ್ಟರು ಸಿಡುಕಲಿಲ್ಲ. ಕಾಗದ ತೆಗೆದು ಕಾಲಿನ ಚಿತ್ರ ಬರೆದರು. 'ಅಮ್ಮಾ, ಕ್ರಿಮಿ ಕೂತಿರೋದು ಒಳಗೆ ರಾಡಿನ ಮೇಲೆ. ಅಲ್ಲಿ ಅಂಟು ಪದರ ಮಾಡ್ಕೊಂಡು ಅದರೊಳಗೆ ಸೇರ್ಕೊಂಡಿದೆ. ಪಾಚಿ ಕಟ್ಟಿದ ತೊಟ್ಟಿ ನೋಡಿದ್ದೀರಲ್ಲ? ನೀರು ಬದಲಾಯ್ಸಿದ್ರೆ ಪಾಚಿ ಹೋಗುತ್ತಾ? ಮಾತ್ರೆ ಅಂದ್ರೆ ನೀರು ಬದಲಾಯ್ಸಿದ ಹಾಗೆ. ಉಜ್ಜಬೇಕು. ಉಜ್ಜೋಕೆ ಮುಂಚೆ ಯಾವ ಕ್ರಿಮಿ ಅಂತ ಗೊತ್ತಾಗ್ಬೇಕು. ಮೈಯಲ್ಲಿ ಮಾತ್ರೆ ಇದ್ರೆ ಲ್ಯಾಬಲ್ಲಿ ಅದು ಬೆಳೆಯೋದೇ ಇಲ್ಲ.'

ಎರಡು ವಾರ ಮಾತ್ರೆ ಇಲ್ಲದೆ ಇರಬೇಕು ಅಂದರು. ಜ್ವರ, ನಡುಕ, ಕಾಲು ಜಾಸ್ತಿ ಊದಿಕೊಂಡರೆ ಕಾಯದೆ ಬರಬೇಕು, ರಾತ್ರಿಯಾದರೂ ಸರಿ ಅಂತ ವಾರ್ಡಿನ ನಂಬರ್ ಬರೆದುಕೊಟ್ಟರು. ಇದನ್ನು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ. ತಮ್ಮನಿಗೆ ಜ್ವರ ಇರಲಿಲ್ಲ, ರಕ್ತಕ್ಕೆ ಸೋಂಕು ಹರಡಿರಲಿಲ್ಲ, ಅದನ್ನೆಲ್ಲ ನೋಡಿಯೇ ಹೇಳಿದ್ದು. ಇಂಥ ಧೈರ್ಯದ ಮಾತು ಹೇಳಿ, ಅದರ ಜವಾಬ್ದಾರಿ ತಾವೇ ಹೊತ್ತ ಆಸ್ಪತ್ರೆಯನ್ನು ನಾನು ಮೊದಲ ಸಲ ನೋಡಿದೆ.

ಮೈಕ್ರೋಬಯಾಲಜಿ ಮೇಡಂ ಹಳೆಯ ಹತ್ತಿ ಕಡ್ಡಿ ರಿಪೋರ್ಟನ್ನು ಫೈಲಿನಿಂದ ತೆಗೆದು ಪಕ್ಕಕ್ಕಿಟ್ಟರು. 'ಇದು ಚರ್ಮದ ಮೇಲಿನ ಸುದ್ದಿ. ಮೂಳೆ ಸುದ್ದಿ ಬೇರೆ ಇರಬಹುದು' ಅಂದರು. ಆಪರೇಷನ್ ದಿನ ಒಳಗಿನ ಬೇರೆ ಬೇರೆ ಜಾಗದಿಂದ ಐದು ತುಣುಕು ತೆಗೆದರು, ಪ್ರತಿಯೊಂದಕ್ಕೂ ಬೇರೆ ಉಪಕರಣ, ಬೇರೆ ಡಬ್ಬಿ. ಒಂದೇ ಚಿಮುಟದಲ್ಲಿ ಐದೂ ತೆಗೆದರೆ ಒಂದರ ಕ್ರಿಮಿ ಇನ್ನೊಂದಕ್ಕೆ ಹತ್ತುತ್ತದೆ, ಆಗ ಐದಕ್ಕೆ ಅರ್ಥವಿಲ್ಲ. ಕನಿಷ್ಠ ಎರಡು ತುಣುಕಿನಲ್ಲಿ ಒಂದೇ ಕ್ರಿಮಿ ಸಿಕ್ಕರೆ ಅದೇ ಕಳ್ಳ ಅಂತ ಖಾತ್ರಿ. ಮುರಿದ ಮೂಳೆಯ ಸೋಂಕು ಅಂದರೆ ಯಾವುದು ಅಂತ ಬೇರೆ ಬೇರೆ ದೇಶಗಳ ತಜ್ಞರು ಕೂತು 2018ರಲ್ಲಿ ಒಂದು ವ್ಯಾಖ್ಯೆ ಪ್ರಕಟಿಸಿದರು, ಅದರಲ್ಲಿರುವ ನಿಯಮ ಇದು. ಅದೇ ವ್ಯಾಖ್ಯೆಯ ಪ್ರಕಾರ ಮೂಳೆಯ ತನಕ ಹೋಗುವ ತೂತು ಅಥವಾ ಕೀವು ಕಂಡರೆ ಸೋಂಕು ಖಚಿತ. ಬಿಸಿ, ಕೆಂಪು, ಊತ, ಹೊಸದಾಗಿ ಶುರುವಾದ ಒಸರು ಇದ್ದರೆ ಅನುಮಾನ ಪಡಲೇಬೇಕು, ಹುಡುಕಲೇಬೇಕು. 'ಮಾಮೂಲು' ಅನ್ನುವ ಕಾಲಂ ಅದರಲ್ಲಿ ಇಲ್ಲ.

ನಾಲ್ಕು ತುಣುಕಿನಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬೇರೆ ಕ್ರಿಮಿ ಸಿಕ್ಕಿತು. ಹತ್ತಿ ಕಡ್ಡಿಯ ಸ್ಯೂಡೊಮೋನಾಸ್ ಒಂದರಲ್ಲೂ ಇಲ್ಲ. ಅಂದರೆ ಅಷ್ಟೂ ಕಾಲ ತಿಂದ ಮಾತ್ರೆ ಬೇರೆ ಯಾರದೋ ವಿಳಾಸಕ್ಕೆ ಹೋಗಿತ್ತು. ಒಳ್ಳೆಯ ಸುದ್ದಿ ಏನಂದರೆ ಆ ಸ್ಟ್ಯಾಫ್ ಮಾಮೂಲಿ ಔಷಧಿಗೆ ಬಗ್ಗುವ ಜಾತಿ. ಸಿಫಜೋಲಿನ್ ಅನ್ನುವ ಇಂಜೆಕ್ಷನ್ ಸಾಕು ಅಂದರು. ದುಬಾರಿ ಇಂಜೆಕ್ಷನ್ ಬರೆಯುವ ಅವಕಾಶ ಇದ್ದಾಗ ಕಮ್ಮಿ ಬೆಲೆಯದನ್ನು ಬರೆದರು, ಇದನ್ನು ಬರೆದಿಡಲೇಬೇಕು. ನಿಧಾನಕ್ಕೆ ಬೆಳೆಯುವ ಕ್ರಿಮಿ ಇದ್ದರೆ ಸಿಗಲಿ ಅಂತ ಲ್ಯಾಬಿನವರು ತುಣುಕುಗಳನ್ನು 14 ದಿನ ಇಟ್ಟು ನೋಡಿದರು. ಬೇರೆ ಲ್ಯಾಬುಗಳ ರಿಪೋರ್ಟು ನನ್ನ ಅಂಗಡಿಯಲ್ಲಿ ಎಷ್ಟೋ ನೋಡಿದ್ದೇನೆ. ಎರಡನೇ ದಿನಕ್ಕೇ 'ಬೆಳವಣಿಗೆ ಇಲ್ಲ' ಅಂತ ಸೀಲ್ ಬಿದ್ದಿರುತ್ತದೆ.

ಆಪರೇಷನ್ ಬಗ್ಗೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಳೆಯ ರಾಡ್ ತೆಗೆದರು. ಮೂಳೆಯ ಒಳಗಿನ ಕೊಳವೆಯನ್ನು ಕೆರೆದರು. ಸತ್ತ ಮೂಳೆಯನ್ನು ರಕ್ತ ಜಿನುಗುವ ಜಾಗ ಸಿಗುವ ತನಕ ತೆಗೆದರು. ಬರೀ ಸಲೈನಿನಲ್ಲಿ ಲೀಟರುಗಟ್ಟಲೆ ತೊಳೆದರು. ಸೋಪಿನ ದ್ರಾವಣ ಇನ್ನೂ ಒಳ್ಳೇದಲ್ವಾ ಅಂತ ನಾನು ಕೇಳಿದ್ದೆ. ಮೂಳೆ ಹೊರಬಂದ ಗಾಯಗಳ ಮೇಲೆ ಭಾರತವೂ ಸೇರಿ ಹಲವು ದೇಶದ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿತ್ತಂತೆ, 2015ರಲ್ಲಿ ಫಲಿತಾಂಶ ಬಂತು. ಎರಡು ಸಾವಿರಕ್ಕೂ ಜಾಸ್ತಿ ರೋಗಿಗಳು. ಸೋಪು ಹಾಕಿ ತೊಳೆದವರಿಗೇ ಮತ್ತೆ ಆಪರೇಷನ್ ಜಾಸ್ತಿ ಬೇಕಾಯಿತು. ನೀರಿನ ರಭಸ ಜಾಸ್ತಿ ಮಾಡಿದರೂ ಲಾಭವಿಲ್ಲ. ಮನೆಯಲ್ಲಿ ಗಾಯಕ್ಕೆ ಡೆಟಾಲು, ಸ್ಪಿರಿಟ್ಟು, ನೊರೆ ಬರುವ ಪೆರಾಕ್ಸೈಡು ಸುರಿಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ತೆಗೆದ ರಾಡಿನ ಜಾಗಕ್ಕೆ ಆಂಟಿಬಯಾಟಿಕ್ ಕಲೆಸಿದ ಸಿಮೆಂಟ್ ಬಳಿದ ರಾಡ್ ಬಂತು. ಮೂಳೆ ಹೋಗಿ ಉಂಟಾದ ಸಂದಿಗೂ ಅದೇ ಥರದ ಸಿಮೆಂಟ್ ಉಂಡೆ ಇಟ್ಟರು. 'ಮನೆ ಕಟ್ಟೋ ಸಿಮೆಂಟಾ?' ಅಂತ ಅಮ್ಮ. ಅಲ್ಲ, ಮೂಳೆ ಡಾಕ್ಟರುಗಳು ಬಳಸುವ ಬೇರೆ ಪುಡಿ. ಕೆಲವು ವಾರದಲ್ಲಿ ದೇಹ ಆ ಸಿಮೆಂಟ್ ಸುತ್ತ ಒಂದು ತೆಳು ಚೀಲ ಬೆಳೆಸುತ್ತದೆ. ಆರರಿಂದ ಎಂಟು ವಾರದ ಮೇಲೆ ಸಿಮೆಂಟ್ ತೆಗೆದು, ಸೊಂಟದ ಮೂಳೆಯಿಂದ ಚೂರು ತಂದು ಆ ಚೀಲದೊಳಗೆ ತುಂಬುತ್ತಾರೆ. ಮಸ್ಕಲೆ ಅನ್ನುವ ಫ್ರಾನ್ಸಿನ ಸರ್ಜನ್ 1980ರ ದಶಕದಲ್ಲಿ ಶುರು ಮಾಡಿದ ವಿಧಾನ. ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನಿಗೆ ಬೇರೆ ದಾರಿ, ಕಾಲಿನ ಸುತ್ತ ಉಂಗುರ. ಇಲಿಜರೋವ್ ಅನ್ನುವ ರಷ್ಯಾದ ಸರ್ಜನ್ ಅವರ ವಿಧಾನ. ಅವನ ಅಪ್ಪ ದಿನಾ ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸಿ, ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಮೂಳೆ ಬೆಳೆಸುತ್ತಿದ್ದರು. ತುಮಕೂರು ಕಡೆ ಗ್ಯಾರೇಜು ಇಟ್ಟವರು, 'ನಮ್ ಕೆಲ್ಸಾನೇ ಇದು' ಅಂತ ನಗುತ್ತಿದ್ದರು.

ಮೊದಲನೇ ಖಾಸಗಿ ಆಸ್ಪತ್ರೆಯಲ್ಲಿ ಯಾರೂ ಮಾಡದ ಕೆಲಸವನ್ನು ಪ್ಲಾಸ್ಟಿಕ್ ಸರ್ಜನ್ ಅದೇ ದಿನ ಮಾಡಿದರು. ಮೀನಖಂಡದ ಒಳಗಿನ ಒಂದು ಸ್ನಾಯುವನ್ನು ಬುಡ ಬಿಡಿಸದೆ ಮುಂದಕ್ಕೆ ತಿರುಗಿಸಿ ಮೂಳೆ ಮುಚ್ಚಿ, ಮೇಲೆ ತೊಡೆಯ ಚರ್ಮ ಹಾಕಿದರು. ಮೂಳೆಗೆ ರಕ್ತ ತರುವುದು ಮಾಂಸ. ಆಂಟಿಬಯಾಟಿಕ್ ತರುವುದೂ ಅದೇ ರಕ್ತ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಇಂಥ ಕಾಲುಗಳಿಗೆಂದೇ ಅಂಕ ಕೊಡುವ ಒಂದು ಪದ್ಧತಿ ಮಾಡಿದ್ದಾರೆ. ಚರ್ಮಕ್ಕೆ ಐದರವರೆಗೆ, ಮೂಳೆಗೆ ಐದರವರೆಗೆ, ಸ್ನಾಯುವಿಗೆ ಐದರವರೆಗೆ, ಜೊತೆಗೆ ಸಕ್ಕರೆ ಕಾಯಿಲೆ, ಚರಂಡಿ ಅಥವಾ ತೋಟದ ಕೊಳೆ ಇಂಥದ್ದಕ್ಕೆಲ್ಲ ಎರಡೆರಡು. 14ರ ತನಕ ಬಂದರೆ ಕಾಲು ಉಳಿಸಬಹುದು, 17 ಮುಟ್ಟಿದರೆ ಕಷ್ಟ, ನಡುವೆ ಇದ್ದರೆ ಅನುಭವಿಗಳು ಕೂತು ತೀರ್ಮಾನ ಮಾಡಬೇಕು. ಅಮೆರಿಕದ ಆ ಒಂದಕ್ಷರದ ದರ್ಜೆಗಿಂತ ಇದು ನನಗೆ ಹಿಡಿಸಿತು. ಚರ್ಮ, ಮೂಳೆ, ಮಾಂಸ ಮೂರನ್ನೂ ಬೇರೆ ಬೇರೆ ಬರೆಯಲೇಬೇಕಾದಾಗ ಒಂದನ್ನು ಮರೆಯುವುದು ಕಷ್ಟ. ಮೊದಲನೇ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಇಂಥ ಒಂದು ಹಾಳೆ ಇದ್ದಿದ್ದರೆ ಚರ್ಮದ ಮುಂದಿನ ಖಾಲಿ ಜಾಗ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ವ್ಯಾಕ್ ಮೆಷಿನ್ ಬಗ್ಗೆ ಎರಡು ಮಾತು, ಯಾಕಂದರೆ ಅದರ ಬಾಡಿಗೆ ಕೇಳಿಯೇ ಅರ್ಧ ಜನ ಸುಸ್ತಾಗುತ್ತಾರೆ. ಗಾಯಕ್ಕೆ ಸ್ಪಂಜು ಇಟ್ಟು ಪ್ಲಾಸ್ಟಿಕ್ ಅಂಟಿಸಿ ಗಾಳಿ ಎಳೆಯುವ ಪೆಟ್ಟಿಗೆ ಅದು. ಮೊದಲನೇ ಆಸ್ಪತ್ರೆಯಲ್ಲಿ ಸೋಂಕಿಗೇ ಇದು ಔಷಧಿ ಅನ್ನುವ ಹಾಗೆ ಹೇಳಿದ್ದರು. ಇಲ್ಲಿ ಕೇಳಿದೆ. 'ಮಾಂಸ ಮುಚ್ಚೋ ತನಕ ಗಾಯ ಸ್ವಚ್ಛವಾಗಿ ಇಟ್ಕೊಳ್ಳೋಕೆ ಅನುಕೂಲ, ಅಷ್ಟೆ. ಮುಚ್ಚೋ ಕೆಲಸಕ್ಕೆ ಬದಲಿ ಅಲ್ಲ' ಅಂದರು. ಬ್ರಿಟನ್ನಿನಲ್ಲಿ 460 ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಮೂಳೆ ಹೊರಬಂದ ಗಾಯಕ್ಕೆ ಈ ಮೆಷಿನ್ ಹಾಕಿದವರಿಗೂ ಸಾದಾ ಡ್ರೆಸ್ಸಿಂಗ್ ಮಾಡಿದವರಿಗೂ ಒಂದು ವರ್ಷದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಬಂದ ಫಲಿತಾಂಶ. ಒಂದೇ ದಿನ ಕೆರೆದು ಮುಚ್ಚಿದ್ದರಿಂದ ನಮಗೆ ಇಲ್ಲಿ ಮೆಷಿನ್ ಬೇಕೇ ಆಗಲಿಲ್ಲ. ಬಾಡಿಗೆಗೆ ಎತ್ತಿಟ್ಟಿದ್ದ ದುಡ್ಡು ಮೊಟ್ಟೆಗೆ ಆಯಿತು.

ಮೊಟ್ಟೆ ಅಂದೆ. ನಮ್ಮ ಮನೆಯಲ್ಲಿ ಆಪರೇಷನ್ ಆದವನಿಗೆ ಬದನೆಕಾಯಿ ಇಲ್ಲ, ಮೊಟ್ಟೆ ಇಲ್ಲ, ಮೀನು ಇಲ್ಲ, ಬೇಳೆ ಕಮ್ಮಿ. ಎಲ್ಲಾ ನಂಜು. ಬರೀ ಗಂಜಿ, ತಿಳಿಸಾರು. ಮೊದಲ ಆಪರೇಷನ್ ಆದ ಮೇಲೆ ಹಾಗೇ ನಡೆಯಿತು, ಹುಡುಗ ಕಡ್ಡಿಯಾಗಿದ್ದ. ಇಲ್ಲಿ ಡಯಟಿಷಿಯನ್ ಅಮ್ಮನ ಹತ್ತಿರ ಜಗಳಕ್ಕೆ ಹೋಗಲಿಲ್ಲ, ಅದು ಜಾಣತನ. 'ಬದನೆಕಾಯಿ ಬೇಡ್ವಾ, ಬಿಡಿ. ಮೊಟ್ಟೆ, ಕಾಳು, ಹಾಲು ಬಿಡಬೇಡಿ. ಗಾಯ ಮುಚ್ಚೋಕೆ ಸಾಮಾನು ಬೇಕಲ್ವಾ?' ಅಂದರು. ಬದನೆಕಾಯಿ ಸೋತಿತು, ಮೊಟ್ಟೆ ಗೆದ್ದಿತು. ಬೀಡಿ ವಿಷಯದಲ್ಲಿ ಮಾತ್ರ ಅವರದು ಕಡ್ಡಿ ಮುರಿದಂಥ ಮಾತು. ಹೊಗೆ ಸೇದುವವರ ಮೂಳೆ ಕೂಡುವುದು ತಡ, ಸೋಂಕೂ ಜಾಸ್ತಿ. ತಮ್ಮ ಮಂಡಿಯಲ್ಲಿ ಗುಟ್ಟಾಗಿ ಸೇದುತ್ತಾನೆ ಅನ್ನುವುದು ಅಮ್ಮನಿಗೆ ಆವತ್ತೇ ಗೊತ್ತಾಗಿದ್ದು. ಆ ಗಲಾಟೆಗೆ ಆಸ್ಪತ್ರೆ ಹೊಣೆಯಲ್ಲ.

ಇನ್ನು ಮಾತ್ರೆ. ಶುರುವಿನಲ್ಲಿ ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಬಾಯಿಗೆ ಮಾತ್ರೆ. ಆರು ವಾರವೂ ಇಂಜೆಕ್ಷನ್ನೇ ಬೇಕು ಅಂತ ನಾವು ಕೇಳಿದ್ದೆವು, ಗಟ್ಟಿ ಔಷಧಿ ಅಂದರೆ ಸೂಜಿ ಅನ್ನುವ ಲೆಕ್ಕ ನಮ್ಮದು. ಮೇಡಂ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಜಾಸ್ತಿ ಮೂಳೆ, ಕೀಲು ಸೋಂಕಿನ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, 2019ರಲ್ಲಿ ಬಂತು: ಮೊದಲ ಆರು ವಾರ ಸೂಜಿ ಚುಚ್ಚಿಸಿಕೊಂಡವರಿಗಿಂತ ಸರಿಯಾದ ಮಾತ್ರೆ ನುಂಗಿದವರು ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಸೂಜಿಯ ನಳಿಕೆಯಿಂದ ಆಗುವ ತೊಂದರೆ ತಪ್ಪಿತು. ಬೆಂಗಳೂರಿನಲ್ಲಿ ರೂಮು ಮಾಡಿ ಕೂರುವ ಖರ್ಚು ನಮಗೂ ತಪ್ಪಿತು.

ಮಾತ್ರೆ ಎರಡು, ರಿಫಾಂಪಿಸಿನ್ ಮತ್ತು ಲಿವೊಫ್ಲಾಕ್ಸಸಿನ್. ರಿಫಾಂಪಿಸಿನ್ ಆ ಅಂಟು ಪದರದೊಳಗೂ ಸ್ಟ್ಯಾಫನ್ನು ಹಿಡಿಯುತ್ತದಂತೆ. ಆದರೆ ಅದನ್ನು ಒಂದೇ ಕೊಡಬಾರದು, ಕೊಟ್ಟರೆ ಕ್ರಿಮಿ ಬೇಗ ಪಳಗಿಬಿಡುತ್ತದೆ. ಗಾಯ ಒಣಗುವ ತನಕವೂ ಶುರು ಮಾಡಬಾರದು. ಇನ್ನೊಂದು ಮಾತು, ಅದು ಟಿಬಿ ಮಾತ್ರೆ ಕೂಡ. ಹಾಗಾಗಿ ಕೊಡುವ ಮುಂಚೆ ಕೆಮ್ಮು ಇದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಕೇಳಿ, ಎದೆಯ ಎಕ್ಸರೇ ತೆಗೆಸಿದರು. ಗೊತ್ತಿಲ್ಲದೆ ಟಿಬಿ ಇದ್ದವರಿಗೆ ಇದನ್ನು ಅರ್ಧಂಬರ್ಧ ಕೊಟ್ಟರೆ ಅಪಾಯ. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ ಅಂತ ಸಿಸ್ಟರ್ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಆದರೂ ನಮ್ಮೂರಿನ ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ನೋಡಿ 'ಟಿಬಿನಾ ಅಕ್ಕಾ?' ಅಂತ ಜೋರಾಗಿ ಕೇಳಿದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ನನ್ನ ಲೆಕ್ಕದಲ್ಲಿ ಇಡೀ ತಂಡದಲ್ಲಿ ಹೆಚ್ಚು ಅಂಕ ಫಾರ್ಮಸಿಸ್ಟಿಗೆ. ಡಿಸ್ಚಾರ್ಜ್ ದಿನ ಚೀಟಿ ನೋಡಿ 'ಕ್ಯಾಲ್ಸಿಯಂ ಮಾತ್ರೆ ಯಾವಾಗ ತಗೋತೀಯಪ್ಪ?' ಅಂತ ಕೇಳಿದರು. ಮೂಳೆ ಮುರಿದವರಿಗೆಲ್ಲ ಕ್ಯಾಲ್ಸಿಯಂ ಬರೆಯುವುದು ಇದ್ದದ್ದೇ. ತಮ್ಮ ಎಲ್ಲಾ ಮಾತ್ರೆ ಒಟ್ಟಿಗೆ ಹಾಲಿನಲ್ಲಿ ನುಂಗುವವನು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್ ಸಿರಪ್ಪಿನ ಜೊತೆ ತಗೊಂಡರೆ ಲಿವೊಫ್ಲಾಕ್ಸಸಿನ್ ಮೈಗೆ ಸರಿಯಾಗಿ ಹಿಡಿಯುವುದೇ ಇಲ್ಲ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಮೊದಲನೇ ಆಸ್ಪತ್ರೆಯ ಚೀಟಿಯಲ್ಲೂ ಇದೇ ಜೊತೆ ಇತ್ತು, ಬೆಳಿಗ್ಗೆ ಎರಡೂ ಒಟ್ಟಿಗೆ ಅಂತ. ಫಾರ್ಮಸಿಸ್ಟ್ ಒಂದು ಹಾಳೆಯಲ್ಲಿ ಹೊತ್ತು ಹೊತ್ತಿಗೆ ಯಾವ ಮಾತ್ರೆ ಅಂತ ಕನ್ನಡದಲ್ಲಿ ಬರೆದು ಕೊಟ್ಟರು. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ಹಾಕಿದೆ, ಅಂಗಡಿಯಲ್ಲಿ ಮೆಷಿನ್ ಇದೆಯಲ್ಲ.

ಊರಿಗೆ ಬಂದ ಮೇಲೆ ಡ್ರೆಸ್ಸಿಂಗಿಗೆ ಅಲ್ಲೇ ಇರುವ ಒಬ್ಬ ಸಿಸ್ಟರ್ ಮನೆಗೆ ಬರುತ್ತಿದ್ದರು. ಅವರು ಆಸ್ಪತ್ರೆಯವರಲ್ಲ, ಆದರೆ ಆಸ್ಪತ್ರೆಯವರು ಅವರಿಗೆ ವೀಡಿಯೊ ಕಾಲ್ ಮಾಡಿ ಹೇಗೆ ಮಾಡಬೇಕು ಅಂತ ತೋರಿಸಿದರು. ಗ್ಲೌಸ್ ಹಾಕುವ ಮುಂಚೆಯೂ ಕೈ ತೊಳೆಯಬೇಕು, ಬಿಚ್ಚಿದ ಮೇಲೂ ತೊಳೆಯಬೇಕು. ಮಂಚದ ಹತ್ತಿರ ಫ್ಯಾನ್ ಬಂದ್. ನೋಡಲು ಬಂದ ನೆಂಟರು ಹೊರಗೆ. ಕಡೆಯದನ್ನು ಪಾಲಿಸುವುದೇ ನಮ್ಮಲ್ಲಿ ಕಷ್ಟ.

ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಅಂತ ಒಂದು ರಕ್ತ ಪರೀಕ್ಷೆಯನ್ನು ಬರೆದುಕೊಟ್ಟಿದ್ದರು. ಆಪರೇಷನ್ ಆದ ಎರಡು ಮೂರು ದಿನಕ್ಕೆ ಅದು ಮೇಲೇರುವುದು ಸಹಜ, ಆಮೇಲೆ ಇಳಿಯಬೇಕು. ಇಳಿದದ್ದು ಮತ್ತೆ ಏರಿದರೆ ಫೋನ್ ಮಾಡಿ ಅಂದಿದ್ದರು. ಒಂದೇ ರಿಪೋರ್ಟಿನ ಅಂಕಿ ನೋಡಿ ಹೆದರಬೇಡಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ ಅಂತಲೂ ಹೇಳಿದರು. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಗೆರೆ ಎಳೆದು ಗ್ರಾಫ್ ಮಾಡಿ ಒಯ್ಯುತ್ತಿದ್ದೆ. ಡಾಕ್ಟರು ಅದನ್ನು ನಗದೆ ನೋಡುತ್ತಿದ್ದರು.

ಸೊಂಟದ ಮೂಳೆ ತುಂಬಿದ ಎರಡನೇ ಆಪರೇಷನ್ನೂ ಆಯಿತು. ಆಗಲೂ ತುಣುಕು ತೆಗೆದು ಕಳಿಸಿದರು, ಏನೂ ಬೆಳೆಯಲಿಲ್ಲ. ತಮ್ಮ ಈಗ ಕೋಲು ಹಿಡಿದು ಮಂಡಿಗೆ ಹೋಗುತ್ತಾನೆ. ಕಾಲು ಸ್ವಲ್ಪ ಗಿಡ್ಡ, ಚಪ್ಪಲಿಗೆ ಅಟ್ಟೆ ಹಾಕಿಸಿದ್ದೇವೆ. ಸೋಂಕು ಪೂರ್ತಿ ಹೋಯಿತಾ ಅಂತ ಕೇಳಿದರೆ ಡಾಕ್ಟರು 'ಈಗ ಇಲ್ಲ' ಅನ್ನುತ್ತಾರೆ, 'ಹೋಯ್ತು' ಅನ್ನುವುದಿಲ್ಲ. ಮೂಳೆ ಸೋಂಕು ವರ್ಷಗಳ ಮೇಲೂ ಮರಳಬಹುದಂತೆ. ಸುಳ್ಳು ಧೈರ್ಯ ಕೊಡದವರ ಮೇಲೆ ನನಗೆ ನಂಬಿಕೆ ಜಾಸ್ತಿ.

ನೀವು ಆಸ್ಪತ್ರೆ ಹುಡುಕುತ್ತಿದ್ದರೆ ಇಷ್ಟು ಕೇಳಿ. ಒಸರಿದರೆ ಮಾತ್ರೆ ಬರೆಯುತ್ತೀರಾ, ತುಣುಕು ತೆಗೆಯುತ್ತೀರಾ? ಎಷ್ಟು ತುಣುಕು? ಪ್ಲಾಸ್ಟಿಕ್ ಸರ್ಜನ್ ನಿಮ್ಮಲ್ಲೇ ಇದ್ದಾರಾ, ಹೊರಗಿನಿಂದ ಕರೆಸಬೇಕಾ? ಈ ಮೂರಕ್ಕೆ ತಡವರಿಸದೆ ಉತ್ತರ ಬಂದರೆ ಲಿಫ್ಟ್ ಇಲ್ಲದಿದ್ದರೂ ಹತ್ತಿ. ಬೇಗ ಹೋಗುವುದಕ್ಕೂ ಬೆಲೆ ಇದೆ. ಮೊದಲ ಕೆಲವು ವಾರದಲ್ಲೇ ಬಂದಿದ್ದರೆ ರಾಡ್ ಉಳಿಸಿಕೊಂಡೇ ತೊಳೆದು ನೋಡಬಹುದಿತ್ತು ಅಂದರು ಇಲ್ಲಿ. ಅಂಟು ಪದರ ಹಳೆಯದಾದಷ್ಟೂ ಲೋಹ ತೆಗೆಯಲೇಬೇಕು.

ಈಗ ತಕರಾರು. ಬಿಲ್ಲಿಂಗ್ ಕೌಂಟರಿನವರು ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡುತ್ತಾರೆ. ಇಂಪ್ಲಾಂಟಿನ, ಅಂದರೆ ಕಾಲೊಳಗೆ ಹಾಕಿದ ರಾಡಿನ, ಸ್ಟಿಕರ್ ಕೇಳದೆ ಕೊಡುವುದಿಲ್ಲ. ಇನ್ಶೂರೆನ್ಸಿಗೆ ಅದು ಬೇಕೇ ಬೇಕು, ಬಿಡಬೇಡಿ. ಸೋಂಕಿನ ಓಪಿಡಿ ದಿನ ಕಾಯುವುದು ಮಧ್ಯಾಹ್ನದ ತನಕ, ಕಾಲು ಚಾಚಲು ಜಾಗವಿಲ್ಲ, ಎಲ್ಲರ ಕಾಲೂ ಅಲ್ಲಿ ನೋಯುವ ಕಾಲೇ. ಬೆಳಗಿನ ರೈಲಿಗೆ ಬರುವ ನಮ್ಮಂಥವರಿಗೆ ಮೊದಲು ಟೋಕನ್ ಕೊಟ್ಟರೆ ಏನು ಹೋಗುತ್ತದೆ? ಕ್ಯಾಂಟೀನಿನ ಚಿತ್ರಾನ್ನ ತಿನ್ನಬಹುದು, ಕಾಫಿ ಬೇಡ.

ಎಲ್ಲಕ್ಕಿಂತ ದೊಡ್ಡ ತಕರಾರು ಒಪ್ಪಿಗೆ ಪತ್ರದ್ದು. ಇಷ್ಟು ಚೆನ್ನಾಗಿ ಕನ್ನಡದಲ್ಲಿ ಬಿಡಿಸಿ ಹೇಳುವ ಡಾಕ್ಟರುಗಳು ಸಹಿ ಹಾಕಿಸುವ ಕಾಗದ ಮಾತ್ರ ಇಂಗ್ಲಿಷಿನಲ್ಲಿ, ಎರಡು ಪುಟ, ಇರುವೆ ಗಾತ್ರದ ಅಕ್ಷರ. ಅಮ್ಮ ಓದದೆ ಹೆಬ್ಬೆಟ್ಟು ಒತ್ತಿದ ಹಾಗೆ ಸಹಿ ಹಾಕಿದರು. ಅದಕ್ಕೊಂದು ನಕ್ಷತ್ರ ಕಡಿಮೆ, ಐದಕ್ಕೆ ನಾಲ್ಕು. ಕನ್ನಡದ ಪತ್ರವನ್ನು ದುಡ್ಡಿಲ್ಲದೆ ಟೈಪ್ ಮಾಡಿ ಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ, ಅಂತ ಆಫೀಸಿನಲ್ಲಿ ಹೇಳಿ ಅಂಗಡಿಯ ನಂಬರ್ ಕೊಟ್ಟು ಬಂದಿದ್ದೇನೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ.